ಲೈಸೆನ್ಸ್ ಕೊಟ್ಟವರು ಲೆಕ್ಕ ಹೇಳಿಕೊಡಲಿಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಗುತ್ತಿಗೆ ಎಂಬ ಒಂದೇ ಮಾತು ಮೂರು ಬದುಕುಗಳಿಗೆ ಸಲ್ಲುತ್ತದೆ. ಇನ್ನೊಬ್ಬರ ಹೊಲವನ್ನು ವರ್ಷಕ್ಕಿಷ್ಟು ಎಂದು ಹಿಡಿದು ಮೆಕ್ಕೆಜೋಳ ಬೆಳೆಯುವವನದೂ ಗುತ್ತಿಗೆ, ಏಜೆನ್ಸಿ ಮೂಲಕ ಆಸ್ಪತ್ರೆಯಲ್ಲಿ ದುಡಿಯುವವಳದೂ ಗುತ್ತಿಗೆ, ಊರೊಳಗಿನ ಸಿ.ಸಿ. ರಸ್ತೆ ಹಾಕಿಸುವವನದೂ ಗುತ್ತಿಗೆ. ತೆರಿಗೆ ಕಾಯ್ದೆ ಮಾತ್ರ ಮೂವರನ್ನೂ ಬೇರೆ ಬೇರೆ ಕೂರಿಸುತ್ತದೆ. ಮೊದಲನೆಯವನದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆಯಿಲ್ಲ. ಎರಡನೆಯವಳದು ಸಂಬಳ. ಮೂರನೆಯವನು ವ್ಯಾಪಾರಿ, ಲಾಭ ಬರಲಿ ಬಿಡಲಿ, ಲೆಕ್ಕ ಒಪ್ಪಿಸಲೇಬೇಕು. ನಿನ್ನೆಯವರೆಗೆ ಹೊಲದಲ್ಲೋ ಕೂಲಿಯಲ್ಲೋ ಇದ್ದವನು ನಾಲ್ಕನೇ ದರ್ಜೆಯ ಲೈಸೆನ್ಸ್ ಕೈಗೆ ಬಂದ ದಿನ ಮೂರನೆಯ ಸಾಲಿಗೆ ಸೇರುತ್ತಾನೆ. ಹಾಗೆ ಸೇರಿದ್ದನ್ನು ಅವನಿಗೆ ಯಾರೂ ಹೇಳುವುದಿಲ್ಲ.

ಹೊಸಬರು ಈ ಸಾಲಿಗೆ ಬರಲಿ ಎಂದು ಸರ್ಕಾರವೇ ಬಾಗಿಲು ತೆರೆದಿದೆ. ಸರ್ಕಾರಿ ಟೆಂಡರುಗಳನ್ನು ನಿಯಂತ್ರಿಸುವ 1999ರ ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿಯಾಗಿ, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಾಯಿತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. 2025ರ ಮಾರ್ಚ್‌ನಲ್ಲಿ ಅದನ್ನು 2 ಕೋಟಿಗೆ ಏರಿಸುವ ಮಸೂದೆ ಬಂದಾಗ ಸದನದಲ್ಲಿ ಗದ್ದಲವಾಯಿತು, ಕಡೆಗೆ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ವಾದವೆಲ್ಲ ಯಾರಿಗೆ ಎಷ್ಟು ಪಾಲು ಎಂಬುದರ ಸುತ್ತಲೇ ನಡೆಯಿತು. ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ, ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಮೀಸಲು ಟೆಂಡರಿನ ಪಾಲು ಪಡೆಯಬೇಕಾದ ಜನ ಇಲ್ಲಿ ದಂಡಿಯಾಗಿದ್ದಾರೆ. ಪಾಲು ಸಿಕ್ಕ ಮೇಲೆ ಅದು ಅವರ ಕೈಯಲ್ಲಿ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ಆಡಳಿತ ಪಕ್ಷವೂ ಎತ್ತಲಿಲ್ಲ, ವಿರೋಧ ಪಕ್ಷವೂ ಎತ್ತಲಿಲ್ಲ.

ಎಲ್ಲಿ ಸೋರುತ್ತದೆ ಎಂಬುದಕ್ಕೆ ಒಂದೇ ಬಿಲ್ಲು ಬಿಚ್ಚಿದರೆ ಸಾಕು. 5 ಲಕ್ಷ ರೂಪಾಯಿಯ ಚರಂಡಿ ಕೆಲಸ ಮುಗಿದು, ಎಂಜಿನಿಯರು ಅಳತೆ ಪುಸ್ತಕ (ಎಂ.ಬಿ.) ಬರೆದು, ಬಿಲ್ಲಾಯಿತು ಎನ್ನೋಣ. ಶೇ 18ರ ಜಿಎಸ್‌ಟಿ 90,000 ಸೇರಿ 5,90,000. ಅದರಲ್ಲಿ ಆದಾಯ ತೆರಿಗೆಯ ಟಿಡಿಎಸ್ ಶೇ 1ರಂತೆ 5,000, ಜಿಎಸ್‌ಟಿ ಟಿಡಿಎಸ್ ಶೇ 2ರಂತೆ 10,000, ಕಾರ್ಮಿಕ ಸೆಸ್ ಶೇ 1ರಂತೆ 5,000 ಕಡಿತವಾಗುತ್ತದೆ. ರಾಯಲ್ಟಿ, ಭದ್ರತಾ ಠೇವಣಿ ಬೇರೆ. ಅವನ್ನು ಬಿಟ್ಟರೆ ಖಾತೆಗೆ ಬರುವುದು 5,70,000. ‘ಟ್ಯಾಕ್ಸ್ ಬಿಲ್ಲಿನಾಗ ಕಟ್ ಆತು’ ಎಂದು ಹೊಸ ಗುತ್ತಿಗೆದಾರ ನಿಶ್ಚಿಂತನಾಗುವುದು ಇಲ್ಲಿಯೇ. ಜಿಎಸ್‌ಟಿ ಬಾಬ್ತಿನಲ್ಲಿ ಕಟ್ ಆದದ್ದು 10,000. ಅವನ ಹೆಸರಿಗೆ ಬಂದ ಜಿಎಸ್‌ಟಿ 90,000. ಸಿಮೆಂಟು, ಕಬ್ಬಿಣ, ಜಲ್ಲಿಗೆ ಪಕ್ಕಾ ಬಿಲ್ ಪಡೆದು 50,000 ರೂಪಾಯಿ ಹೂಡುವಳಿ ತೆರಿಗೆಯ ಜಮೆ ತೋರಿಸಿದರೂ ಇನ್ನೂ 30,000 ಕಟ್ಟಬೇಕು. ಬಿಳಿ ಚೀಟಿಯಲ್ಲಿ ಕೊಂಡಿದ್ದರೆ ಆ ಜಮೆಯೂ ಇಲ್ಲ, ಕಟ್ಟಬೇಕಾದದ್ದು 80,000. ಆ ಹಣ ಅಷ್ಟರಲ್ಲಿ ಮಗಳ ಮದುವೆಗೋ ಟ್ರ್ಯಾಕ್ಟರ್ ಕಂತಿಗೋ ಹೋಗಿರುತ್ತದೆ. ಇನ್ನು ಕಡಿತವಾದ 10,000 ತಾನಾಗಿ ಹೊಂದಿಕೆಯಾಗುವುದಿಲ್ಲ. ಇಲಾಖೆ ಜಿಎಸ್‌ಟಿಆರ್-7 ಸಲ್ಲಿಸಬೇಕು, ಗುತ್ತಿಗೆದಾರ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು, ಆಮೇಲೆ ಅದು ಅವನ ನಗದು ಖಾತೆಗೆ ಬರುತ್ತದೆ.

ಕಾಮಗಾರಿ ಗುತ್ತಿಗೆಯನ್ನು ಜಿಎಸ್‌ಟಿ ಸೇವೆ ಎಂದು ಎಣಿಸುತ್ತದೆ. ಆದ್ದರಿಂದ ನೋಂದಣಿಯ ಮಿತಿ 20 ಲಕ್ಷ. ಕಿರಾಣಿ ಅಂಗಡಿಯ 40 ಲಕ್ಷದ ಮಿತಿ ಇಲ್ಲಿಗೆ ಹೊಂದದು. ದರವೂ ನಿಂತಲ್ಲಿ ನಿಂತಿಲ್ಲ. ಸರ್ಕಾರಿ ಕಾಮಗಾರಿಗೆ 2022ರ ಜುಲೈ 18ರಂದು ಶೇ 12 ಇದ್ದದ್ದು 18 ಆಯಿತು. ಮಣ್ಣಿನ ಕೆಲಸವೇ ಮುಕ್ಕಾಲು ಪಾಲಿಗಿಂತ ಹೆಚ್ಚಿರುವ ಕೆಲಸಕ್ಕೆ ಅಂದೇ 5ರಿಂದ 12, 2025ರ ಸೆಪ್ಟೆಂಬರ್ 22ರಿಂದ 18. ಕೆರೆ ಹೂಳೆತ್ತುವವರಿಗೆ ಇದು ಸಣ್ಣ ಸುದ್ದಿಯಲ್ಲ. ಪಂಚಾಯಿತಿಗೆ ನೇರವಾಗಿ ಬರೀ ಕೂಲಿಯಾಳು ಒದಗಿಸಿ ಚರಂಡಿ ಬಳಿಸಿದರೆ ವಿನಾಯಿತಿ ಉಂಟು. ಅದೇ ಆಳುಗಳನ್ನು ದೊಡ್ಡ ಗುತ್ತಿಗೆದಾರನ ಕೈಕೆಳಗೆ ತುಂಡು ಗುತ್ತಿಗೆಯಲ್ಲಿ ಒದಗಿಸಿದರೆ ಆ ವಿನಾಯಿತಿ ಸಿಗದು. ಸರ್ಕಾರಿ ನಿಗಮಗಳಿಗೆ ಮಾಡುವ ಕೆಲಸಕ್ಕಿದ್ದ ವಿನಾಯಿತಿಯನ್ನೂ 2022ರ ಜನವರಿಯಿಂದ ತೆಗೆದುಹಾಕಲಾಗಿದೆ.

ಆದಾಯ ತೆರಿಗೆಯ ಕಡೆ ಕಾಯ್ದೆ ಇಷ್ಟು ಕಠಿಣವಾಗಿಲ್ಲ. ಅಂದಾಜು ಲಾಭದ ಪದ್ಧತಿಯನ್ನು 1994ರಲ್ಲಿ ತಂದದ್ದೇ ಸಿವಿಲ್ ಗುತ್ತಿಗೆದಾರರಿಗಾಗಿ. 2009ರ ಬಜೆಟ್‌ನಲ್ಲಿ ಅದು ಉಳಿದ ವ್ಯಾಪಾರಗಳಿಗೂ ಹಬ್ಬಿತು. ವ್ಯವಹಾರದವರೆಲ್ಲ 44ಎಡಿ ಎಂದೇ ಕರೆಯುವ ಈ ದಾರಿಯಲ್ಲಿ, 2 ಕೋಟಿವರೆಗಿನ ವಹಿವಾಟಿಗೆ ಬ್ಯಾಂಕಿನ ಮೂಲಕ ಬಂದ ಹಣದ ಶೇ 6ನ್ನು ಲಾಭವೆಂದು ತೋರಿಸಿದರೆ ಮುಗಿಯಿತು. ವರ್ಷಕ್ಕೆ 15 ಲಕ್ಷದ ಕೆಲಸ ಮಾಡಿದವನ ಲಾಭ 90,000 ಎಂದಾಗುತ್ತದೆ. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆಯೇ ಬರದು, ಕಡಿತವಾದ 15,000 ವಾಪಸ್ ಬರುತ್ತದೆ. ರಿಟರ್ನ್ ತುಂಬದವನಿಗೆ ಮಾತ್ರ ಬರುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಲೈಸೆನ್ಸ್ ಬಾಡಿಗೆ. ಮೀಸಲು ಟೆಂಡರ್ ಒಬ್ಬನ ಹೆಸರಿಗೆ, ಕೆಲಸ ಮಾತ್ರ ಹಣವಿದ್ದ ಇನ್ನೊಬ್ಬನದು. ಹೆಸರು ಕೊಟ್ಟವನಿಗೆ ನೂರಕ್ಕೆ ಎರಡೋ ಮೂರೋ ಸಿಗುತ್ತದೆ. ಆದರೆ ತೆರಿಗೆ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ಪೂರ್ತಿ ಮೊತ್ತ ಕಾಣುವುದು ಹೆಸರು ಕೊಟ್ಟವನ ಪ್ಯಾನ್ ಎದುರಿಗೆ. ಜಿಎಸ್‌ಟಿ ಬಾಕಿ, ಬಡ್ಡಿ, ದಂಡ ಎಲ್ಲವೂ ಅವನ ತಲೆಗೆ. ನೋಟಿಸ್ ಬರುವ ಹೊತ್ತಿಗೆ ಕೆಲಸ ಮಾಡಿಸಿದ ಧಣಿ ಫೋನ್ ಎತ್ತುವುದಿಲ್ಲ. ಇದು ಗೊತ್ತಿದ್ದೂ ನಡೆಯುವ ಮೋಸ ಎಂದು ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವುದು ಸುಲಭ, ನ್ಯಾಯವಲ್ಲ. ಒಬ್ಬನಿಗೆ ಲೆಕ್ಕ ಗೊತ್ತಿತ್ತು, ಇನ್ನೊಬ್ಬನಿಗೆ ಗೊತ್ತಿರಲಿಲ್ಲ.

ಕಾನೂನು ತಿಳಿಯದಿದ್ದದ್ದು ಅವರದೇ ತಪ್ಪು ಎಂಬ ವಾದ 2025ರ ಜುಲೈನಲ್ಲಿಯೂ ಕೇಳಿಬಂದಿತ್ತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಹಡಗಲಿಯ ಪಕ್ಕದ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟಲು ಹೇಳಲಾಗಿತ್ತು. ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಇಲ್ಲ ಎನ್ನಬೇಕಾಯಿತು. ಅಂಗಡಿಯವರಿಗೆ ಬೀದಿಗಿಳಿಯುವ ಬಲವಿತ್ತು. ತಾಲ್ಲೂಕಿನ ನಾಲ್ಕನೇ ದರ್ಜೆಯ ಗುತ್ತಿಗೆದಾರರು ಬಂದ್‌ಗೆ ಕರೆ ಕೊಟ್ಟರೆ ಯಾರ ಅಂಗಡಿಯೂ ಮುಚ್ಚುವುದಿಲ್ಲ.

ಇಂಥವರಿಗೆ ಉಳಿಯುವ ಆಸರೆ ‘ಆಡಿಟರ್’. ಈ ಐದು ತಾಲ್ಲೂಕುಗಳಲ್ಲಿ ರಿಟರ್ನ್ ತುಂಬುವ ಯಾರಿಗಾದರೂ ಸಲ್ಲುವ ಬಿರುದು ಇದು. ಚಾರ್ಟರ್ಡ್ ಅಕೌಂಟೆಂಟ್, ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್, ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ, ಮೂವರೂ ಆಡಿಟರ್‌ಗಳೇ. ಟೆಂಡರಿಗೆ ಬೇಕಾದ ವಹಿವಾಟು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವರು ಸಿಎ. ಅದರ ಮೇಲೆ ಅಂಕಿ-ಅಕ್ಷರ ಸೇರಿ 18 ಸ್ಥಾನಗಳ ಯುಡಿಐಎನ್ ಎಂಬ ಗುರುತು ಸಂಖ್ಯೆ ಇರಬೇಕು, ಆ ಸಂಖ್ಯೆಯನ್ನು ಸಿಎಗಳ ಸಂಸ್ಥೆಯಾದ ಐಸಿಎಐ ಜಾಲತಾಣದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ತಿಂಗಳ ರಿಟರ್ನ್‌ಗೆ ಪ್ರಾಕ್ಟೀಷನರ್ ಸಾಕು, ಹೊಸಪೇಟೆಗೋ ದಾವಣಗೆರೆಗೋ ಓಡಬೇಕಿಲ್ಲ. ಝೆರಾಕ್ಸ್ ಅಂಗಡಿಯ ಹುಡುಗ ಬೆರಳಚ್ಚಿನಲ್ಲಿ ಚುರುಕಿರಬಹುದು. ನೋಟಿಸಿಗೆ ಉತ್ತರ ಬರೆಯುವ ಹೊಣೆ ಅವನದಲ್ಲ.

ಆಡಿಟರನ್ನು ಅಳೆಯಲು ಓದಿನ ಸರ್ಟಿಫಿಕೇಟ್ ಒಂದೇ ಸಾಲದು. ಪೋರ್ಟಲ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ, ಓಟಿಪಿ ಯಾರಿಗೆ ಬರುತ್ತದೆ, ಟೆಂಡರಿಗೆ ಡಿಜಿಟಲ್ ಸಹಿ ಹಾಕುವ ಡಿಎಸ್‌ಸಿ ಪೆನ್‌ಡ್ರೈವ್ ಯಾರ ಮೇಜಿನ ಡ್ರಾಯರಿನಲ್ಲಿದೆ ಎಂದು ನೋಡಬೇಕು. ಹೆಸರಿನ ಚೀಟಿ ಅಂಟಿಸಿದ ಹತ್ತಾರು ಡಿಎಸ್‌ಸಿಗಳು ಒಂದೇ ಡ್ರಾಯರಿನಲ್ಲಿ ಬಿದ್ದಿರುವ ಅಂಗಡಿಗೆ ಹೋದವನು ತನ್ನದನ್ನು ಎತ್ತಿಕೊಂಡು ಬರುವುದೇ ಮೊದಲ ಕೆಲಸ. ಕೆಲಸವೇ ಸಿಗದ ತಿಂಗಳಿಗೂ ಶೂನ್ಯ ರಿಟರ್ನ್ ತುಂಬಬೇಕೆಂದು, ತಪ್ಪಿದರೆ ದಿನಕ್ಕೆ 20 ರೂಪಾಯಿ ಎಂದು ಕೇಳದೆಯೇ ಹೇಳಿದವರು ಒಳ್ಳೆಯ ಆಡಿಟರ್. ಇನ್ನೂ ಒಂದು ಪ್ರಶ್ನೆ ಕೇಳಬಹುದು: ಬಿಲ್ ಬಾಕಿ ಇದ್ದರೂ ಜಿಎಸ್‌ಟಿ ಕಟ್ಟಬೇಕೆ? ಮೂರು ತಿಂಗಳಿಗೂ ಮೀರಿ, ಕಂತಿನ ಪಾವತಿಯ ಮೇಲೆ ನಡೆಯುವ ಕಾಮಗಾರಿಯಲ್ಲಿ ಹಣ ಕೊಡುವ ದಿನ ಒಪ್ಪಂದದಿಂದ ಗೊತ್ತಾಗದಿದ್ದರೆ, ಹಣ ಬಂದಾಗ ಇನ್‌ವಾಯ್ಸ್ ಬರೆಯಬಹುದು. ಒಂದು ಹಂತ ಮುಗಿದಾಗ ಪಾವತಿ ಎಂದಿದ್ದರೆ ಆ ಹಂತ ಮುಗಿಯುವ ಹೊತ್ತಿಗೇ ಬರೆಯಬೇಕು. ಒಪ್ಪಂದದ ಪ್ರತಿ ತರಿಸಿ ಓದಿ ಉತ್ತರ ಹೇಳುವವರಿಗೆ ಫೀ ಕೊಡಬಹುದು.

ಲೈಸೆನ್ಸ್ ಕೊಡುವಾಗ ಲೋಕೋಪಯೋಗಿ ಇಲಾಖೆ ಪ್ಯಾನ್ ಕೇಳುತ್ತದೆ, ಶುಲ್ಕ ಕೇಳುತ್ತದೆ, ಜಾತಿ ಪ್ರಮಾಣಪತ್ರ ಕೇಳುತ್ತದೆ. ಅದೇ ಕವರಿನಲ್ಲಿ, ಮೇಲಿನ 5 ಲಕ್ಷದ ಬಿಲ್ಲಿನ ಲೆಕ್ಕವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಇಟ್ಟು ಕೊಡಲು ಯಾವ ತಿದ್ದುಪಡಿಯೂ ಬೇಕಿಲ್ಲ, ರಾಷ್ಟ್ರಪತಿಗಳ ಅಂಕಿತವೂ ಬೇಕಿಲ್ಲ.