ಬೀಗ ಹಾಕಿದ ಮಾತ್ರಕ್ಕೆ ಉಗ್ರಾಣ ಭದ್ರವೇ?

ರಾಯಲ್ಪಾಡಿನ ರೈತನ ಪಹಣಿ, ಶ್ರೀನಿವಾಸಪುರದ ಮಾವಿನ ಮಂಡಿಯ ವ್ಯಾಪಾರಿಯ ಠೇವಣಿ, ಗಿರಣಿ ಕಾರ್ಮಿಕನ ಭವಿಷ್ಯನಿಧಿ, ಇವಾವುವೂ ಇಂದು ಗುಮಾಸ್ತರ ಖಾತೆಪುಸ್ತಕದಲ್ಲಿಲ್ಲ. ಸರ್ವರ್ ಎಂಬ ಗಣಕಯಂತ್ರಗಳಲ್ಲಿವೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟವು 2022ರ ಜೂನ್‌ನಲ್ಲಿ ಒಪ್ಪಿಗೆಯಿತ್ತಿತು. ಇದನ್ನು ನಾವು ವಿರೋಧಿಸುವವರಲ್ಲ. ಆದರೆ ಈ ಯಂತ್ರಗಳ ಕಾವಲು ಯಾರದೆಂದು ಕೇಳುವ ಹಕ್ಕು ಪ್ರತಿಯೊಬ್ಬ ಷೇರುದಾರನಿಗೂ ಇದೆ.

ಇದು ಬರಿಯ ಶಂಕೆಯ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಯಂತ್ರಗಳೊಳಗೆ ನುಗ್ಗಿದ ಕಳ್ಳರು 94 ಕೋಟಿ ರೂಪಾಯಿ ಲಪಟಾಯಿಸಿದರು. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲದಿಂದಲೇ ಗುತ್ತಿಗೆದಾರರ ಠೇವಣಿಯ 11 ಕೋಟಿಗೂ ಮಿಗಿಲಾದ ಹಣ ಕಾಣೆಯಾಯಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ಕೆಟ್ಟು, ದಿನಗಟ್ಟಲೆ ರೋಗಿಗಳ ದಾಖಲೆಯನ್ನು ಕೈಬರಹದಲ್ಲಿ ಇಡಬೇಕಾಯಿತು.

ಕಳ್ಳನಿಗೆ ಮಾಟಮಂತ್ರವೇನೂ ಗೊತ್ತಿಲ್ಲ. ಬಹಳ ಸಲ ಅವನು ನುಗ್ಗುವುದು ಎಲ್ಲರಿಗೂ ತಿಳಿದಿರುವ ಬಿರುಕಿನಿಂದಲೇ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನ ಲಕ್ಷಾಂತರ ಗಣಕಗಳನ್ನು ಕಟ್ಟಿಹಾಕಿತು. ಆ ಬಿರುಕಿಗೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು.

ಆದುದರಿಂದ ಮೊದಲ ಕೆಲಸ ಮನೆಗೆಲಸದಂತಹುದು. ತಂತ್ರಾಂಶಕ್ಕೆ ಕಾಲಕಾಲಕ್ಕೆ ತೇಪೆ ಹಾಕಬೇಕು. ಬೇಡದ ಬಾಗಿಲುಗಳನ್ನು ಮುಚ್ಚಬೇಕು. ಒಂದೇ ಪಾಸ್‌ವರ್ಡನ್ನು ಹತ್ತು ಜನ ಹಂಚಿಕೊಳ್ಳಕೂಡದು. ಲೆಕ್ಕದ ಪ್ರತಿಯೊಂದನ್ನು ಜಾಲಕ್ಕೆ ಸೇರದ ಬೇರೆಡೆಯಲ್ಲಿಟ್ಟು, ಅದರಿಂದ ಲೆಕ್ಕ ಮರಳಿ ಬರುವುದೇ ಎಂದು ಆಗಾಗ್ಗೆ ಪರೀಕ್ಷಿಸಬೇಕು.

ಎರಡನೆಯದು ಬಿರುಕು ಹುಡುಕುವ ಸ್ಕ್ಯಾನರ್. ಮಾರಾಟಗಾರರು ಇದನ್ನು ಸಂಜೀವಿನಿಯೆಂದು ಹೊಗಳಿಯಾರು, ನಂಬಬೇಡಿ. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆ 2017ರಲ್ಲಿ ಸ್ಕ್ಯಾನರ್ ಓಡಿಸಿಯೂ ತನ್ನ ಬಿರುಕನ್ನು ಕಾಣಲಿಲ್ಲ, ಸುಮಾರು 14.7 ಕೋಟಿ ಜನರ ವಿವರ ಕಳ್ಳರ ಪಾಲಾಯಿತು. ಉಪಕರಣ ನೋಡಬೇಕಾದ ಕಡೆ ನೋಡಿರಲಿಲ್ಲ.

ಕೊಳ್ಳುವ ಮುನ್ನ ಆಡಳಿತ ಮಂಡಳಿ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಸಂಘದ ಎಲ್ಲ ಯಂತ್ರಗಳ ಪಟ್ಟಿ ಇದೆಯೇ, ಅವೆಲ್ಲವನ್ನೂ ಇದು ತಪಾಸಣೆ ಮಾಡುವುದೇ? ಹೊರಗಿನಿಂದ ಬಾಗಿಲು ತಟ್ಟಿ ನೋಡುವುದಷ್ಟೆಯೋ, ಅನುಮತಿ ಪಡೆದು ಒಳಹೊಕ್ಕು ನೋಡುವುದೋ? ಹೊಸ ಬಿರುಕುಗಳ ತಿಳಿವಳಿಕೆ ಅದಕ್ಕೆ ದಿನದಿನವೂ ಸೇರುವುದೇ? ಇಲ್ಲದ ದೋಷವನ್ನು ಇದೆಯೆಂದು ಕೂಗುವುದು ಎಷ್ಟು? ನಮ್ಮ ದೋಷಗಳ ವರದಿ ಯಾರ ಕೈ ಸೇರುವುದು?

ಬೆಲೆಯ ಮಾತೂ ಇದೆ. ನೆಸಸ್ ಎಂಬ ಸ್ಕ್ಯಾನರ್ 1998ರಲ್ಲಿ ಎಲ್ಲರಿಗೂ ತೆರೆದ ಆಸ್ತಿಯಾಗಿ ಹುಟ್ಟಿತು. 2005ರಲ್ಲಿ ಅದರ ಒಡೆಯರು ಬೇಲಿ ಹಾಕಿದಾಗ, ಹಳೆಯ ತೆರೆದ ಬೇರಿನಿಂದಲೇ ಓಪನ್‌ವಾಸ್ ಚಿಗುರಿತು. ಅದರ ಸಮುದಾಯ ಆವೃತ್ತಿ ಇಂದಿಗೂ ಉಚಿತ. ಆದರೆ ಅದನ್ನು ನಡೆಸಬಲ್ಲ ನುರಿತ ಕೈ ಬೇಕು, ಆ ಕೈಗೆ ಸಂಬಳ ಬೇಕು. ಒಂದೊಂದು ಸಣ್ಣ ಸಂಘಕ್ಕೆ ಇದು ಹೊರೆ. ಹತ್ತಿಪ್ಪತ್ತು ಸಂಘಗಳು ಕೂಡಿದರೆ ಹಗುರ. ಸಹಕಾರವೆಂದರೆ ಇದೇ ಅಲ್ಲವೇ?

ಸ್ಕ್ಯಾನರ್ ಬಿರುಕನ್ನು ತೋರಿಸೀತು, ಮುಚ್ಚುವವರು ಮನುಷ್ಯರು. ಆದುದರಿಂದ ನಮ್ಮ ಒತ್ತಾಯ ಇಷ್ಟು. ಜಿಲ್ಲೆಯ ಸಹಕಾರ ಸಂಘಗಳು ಒಟ್ಟಾಗಿ ತಂತ್ರಜ್ಞರೊಬ್ಬರನ್ನು ಖಾಯಂ ನೌಕರಿಯಲ್ಲಿ ನೇಮಿಸಿಕೊಳ್ಳಲಿ. ತಿಂಗಳಿಗೊಮ್ಮೆ ತಪಾಸಣೆ ನಡೆದು, ಎಷ್ಟು ದೋಷ ಸಿಕ್ಕಿತು, ಎಷ್ಟು ಸರಿಹೋಯಿತು ಎಂಬ ಲೆಕ್ಕ ಸರ್ವಸದಸ್ಯರ ಸಭೆಯ ಮುಂದೆ ಬರಲಿ. ಕಳವು ನಡೆದರೆ ಆರು ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂಬ 2022ರ ಆದೇಶವನ್ನು ಗೋಡೆಯ ಮೇಲೆ ತೂಗುಹಾಕಲಿ.

ಷೇರುದಾರ ಬಂಧುಗಳೇ, ಮುಂದಿನ ವಾರ್ಷಿಕ ಸಭೆಯಲ್ಲಿ ಲಾಭಾಂಶದ ಪ್ರಶ್ನೆಗೆ ಮುನ್ನ ಈ ಪ್ರಶ್ನೆಯನ್ನು ಎತ್ತಿರಿ. ಅಸಲೇ ಹೋದ ಮೇಲೆ ಲಾಭಾಂಶ ಕೇಳುವುದೆಲ್ಲಿ?