ಮನೆಯಲ್ಲೂ ಪಾಳಿ ಬೇಕು



2017ರ ಸೆಪ್ಟೆಂಬರ್ 10ರಂದು ನಮ್ಮ ನೌಕಾಪಡೆಯ ಆರು ಮಹಿಳೆಯರು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟರು. ಭೂಮಿಯನ್ನೇ ಸುತ್ತಿ 2018ರ ಮೇ 21ರಂದು ವಾಪಸ್ ಬಂದರು. ವರ್ತಿಕಾ ಜೋಶಿಯವರು ನಾಯಕಿ. ದೋಣಿ ಸುಮಾರು 55 ಅಡಿ ಉದ್ದ. ನಮ್ಮ ತೋಟದಲ್ಲಿ ಸಾಲಾಗಿ ಮೂರು ತೆಂಗಿನಮರ ನಿಂತಷ್ಟು ಜಾಗ, ಅಷ್ಟೇ! ಸುತ್ತಲೂ ನೀರು, ಆದರೆ ಉಪ್ಪು. ಮಳೆನೀರು ಹಿಡಿದುಕೊಂಡರು. ರಾತ್ರಿಯೂ ದೋಣಿ ನಿಲ್ಲಲ್ಲ. ಅದಕ್ಕೇ ಕಾವಲು, ಚುಕ್ಕಾಣಿ, ಅಡಿಗೆ ಎಲ್ಲಾ ಪಾಳಿ ಪ್ರಕಾರ.

ನಮ್ಮನೇಲಿ ಪಾಳಿ ಇಲ್ಲ. ಅವ್ವ ಮುದ್ದೆ ಮಾಡ್ತಾಳೆ, ನಾನು ನೀರು ಹೊತ್ತು ಪಾತ್ರೆ ತೊಳೀತೀನಿ. ಶಾಲೆಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತೆ. ತಮ್ಮ ಮಲಗೇ ಇರ್ತಾನೆ. "ಗಂಡು ಹುಡುಗ ಕಣೇ" ಅಂತಾಳೆ ಅಜ್ಜಿ. ದೋಣಿಯಲ್ಲಿ ಒಬ್ಬರೇ ದುಡಿದು ಉಳಿದವರು ಮಲಗಿದ್ದರೆ ಅದು ದಡ ಸೇರುತ್ತಿತ್ತೇ? ಮನೆಯೂ ಹಾಗೇ ಅಂತ ನನ್ನ ಅಭಿಪ್ರಾಯ. ತಮ್ಮನೂ ಇದೇ ಶಾಲೆ. ಓದಲಿ.

– 7ನೇ ತರಗತಿ ವಿದ್ಯಾರ್ಥಿನಿ