ನೆಟ್ಟ ಸಸಿಯ ಲೆಕ್ಕ, ಉಳಿದ ಮರದ ಲೆಕ್ಕ



1950ರಲ್ಲಿ ಕೆ.ಎಂ. ಮುನ್ಶಿಯವರು ವನಮಹೋತ್ಸವ ಆರಂಭಿಸಿದರು. 2024ರ ಜೂನ್ 5ರಂದು ‘ಏಕ್ ಪೇಡ್ ಮಾ ಕೆ ನಾಮ್’ ಬಂತು. 2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೆಚ್ಚುವರಿಯಾಗಿ ಹೀರಿಸುವುದಾಗಿ ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ಸಂತೋಷ. ಆದರೆ ಸಮಾರಂಭಗಳಲ್ಲಿ ಓದುವುದು ನೆಟ್ಟ ಸಸಿಗಳ ಲೆಕ್ಕವನ್ನು, ಉಳಿದ ಮರಗಳದ್ದನ್ನಲ್ಲ.

ಉಡುಪಿ ಜಿಲ್ಲೆಯನ್ನೇ ನೋಡಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜುಲೈಯಲ್ಲಿ ಕಡ್ಡಿ ಊರಿದರೂ ಚಿಗುರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ! ಆದರೆ ಮಣಿಪಾಲ, ಕಾರ್ಕಳದ ಮುರಕಲ್ಲಿನ ಗುಡ್ಡಗಳಲ್ಲಿ ನೀರು ನಿಲ್ಲದು. ಫೆಬ್ರುವರಿ ಹೊತ್ತಿಗೆ ಎಳೆ ಬೇರು ಒಣಗುತ್ತದೆ. ಆರೈಕೆಯಿಲ್ಲದೆ ಬದುಕುತ್ತದೆಂದು ಅಕೇಶಿಯಾ ನೆಟ್ಟರು. ಅದರ ತರಗೆಲೆಯ ಕೆಳಗೆ ಹುಲ್ಲು ಬೆಳೆಯುವುದೂ ಕಷ್ಟ; ಒಟ್ಟಿಗೆ ಕಡಿದಾಗ ಬೋಳು ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಅತ್ತ ಕಾಪುವಿನ ತೀರದಲ್ಲಿ ಕಡಲ್ಕೊರೆತಕ್ಕೆ ಬಂಡೆ ಸುರಿಯುತ್ತೇವೆ; ಸುರಹೊನ್ನೆಯ ನೆನಪು ಯಾರಿಗೂ ಬಾರದು.

ರಸ್ತೆ ಮಾಡಿದ ಗುತ್ತಿಗೆದಾರನಿಗೆ ಕೆಲಸ ಮುಗಿದ ಮೇಲೂ ಕೆಲವು ವರ್ಷ ದುರಸ್ತಿಯ ಹೊಣೆ ಇರುತ್ತದೆ. ಸಸಿಗೂ ಅದೇ ಷರತ್ತು ಬೇಕು. ಜಾತ್ರೆಯಲ್ಲಿ ಸಸಿ ಹಂಚುವ ಮಠಗಳು ಸಂಖ್ಯೆ ಇಳಿಸಲಿ. ಹಲಸು, ಹೆಬ್ಬಲಸು, ಪುನರ್ಪುಳಿಯಂಥ ಸ್ಥಳೀಯ ಗಿಡ ಕೊಟ್ಟು, ಪಡೆದವರ ಹೆಸರು ಬರೆದುಕೊಳ್ಳಲಿ. ಮೂರು ಬೇಸಿಗೆ ನೀರುಣಿಸಿದವರ ಪಟ್ಟಿಯನ್ನು ನಾಲ್ಕನೆಯ ವರ್ಷದ ಜಾತ್ರೆಯಲ್ಲಿ ಓದಲಿ.